ಇಬ್ಬರ ಒಪ್ಪಿಗೆ

ಹಲಸೂರಿನ ತನ್ನ ಬ್ಲೌಸ್ ಅಂಗಡಿಯಲ್ಲಿ ಧನಲಕ್ಷ್ಮಿ ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುತ್ತಿದ್ದಾಗ ತಮ್ಮ ಕೆಂಪರಾಜನ ಮೆಸೇಜು ಬಂತು. ಇಬ್ಬರೂ ಮಾತು ಬಿಟ್ಟ ಮೇಲೆ ಅವನಿಂದ ಬಂದ ಮೊದಲ ಮೆಸೇಜು ಅದು.

'ವಾಲೆಟ್ ಆ್ಯಪ್ ಹಳೇದಾಗಿದೆಯಂತೆ. ಇವತ್ತೇ ಅಪ್‌ಡೇಟ್ ಮಾಡ್ದೆ ಇದ್ರೆ ದುಡ್ಡು ಲಾಕ್ ಆಗುತ್ತಂತೆ. ನಾನು ಮಾಡ್ದೆ. ನೀನೂ ಮಾಡು.' ಕೆಳಗೊಂದು ಲಿಂಕು.

ಹೊರಮಾವಿನಲ್ಲಿ ಅಪ್ಪನ ಜಮೀನು ಮಾರಿದ ದುಡ್ಡಿಗಾಗಿ ಅವರು ಜಗಳವಾಡಿದ್ದರು. ಅದರಲ್ಲೊಂದು ಪಾಲು ಕ್ರಿಪ್ಟೊದಲ್ಲಿತ್ತು. ಅದನ್ನು ತಮ್ಮನ ಕೈಗೆ ಬಿಡಲು ಅವಳು ಒಪ್ಪಲಿಲ್ಲ, ಅಕ್ಕನ ಕೈಗೆ ಬಿಡಲು ಅವನು ಒಪ್ಪಲಿಲ್ಲ. ಕೊನೆಗೆ ಇಬ್ಬರೂ ಒಪ್ಪಿಗೆ ಒತ್ತಿದರೆ ಮಾತ್ರ ದುಡ್ಡು ಕದಲುವಂಥ ವಾಲೆಟ್ ಮಾಡಿಸಿಕೊಂಡರು. ಒಬ್ಬೊಬ್ಬರಿಗೂ ಬೇರೆ ಬೇರೆ ಹನ್ನೆರಡು ಗುಪ್ತ ಪದಗಳು; ಅವು ಗೊತ್ತಿದ್ದವರು ಯಾವ ಫೋನಿನಿಂದಲಾದರೂ ಅವರ ಹೆಸರಲ್ಲಿ ಒಪ್ಪಿಗೆ ಒತ್ತಬಹುದಿತ್ತು.

ಲಿಂಕು ಒತ್ತಿದಳು. ವೆರಿಫೈ ಮಾಡಲು ಆ ಹನ್ನೆರಡು ಪದಗಳನ್ನು ಹಾಕಿ ಎಂದಿತು. ಇವನೇಕೆ ಇಷ್ಟು ಅವಸರ ಮಾಡುತ್ತಿದ್ದಾನೆ? ಅನುಮಾನದಿಂದ ಕೈ ಹಿಂದೆ ತೆಗೆದಳು. ಅಷ್ಟರಲ್ಲಿ ಅವಳ ಫೋನಿನಲ್ಲಿದ್ದ ಹಳೆಯ ಆ್ಯಪೇ ಗುಂಯ್ಗುಟ್ಟಿತು. 'ಪೂರ್ತಿ ಮೊತ್ತ ಹೊಸ ವಿಳಾಸಕ್ಕೆ. ಕೆಂಪರಾಜ್ ಒಪ್ಪಿಗೆ ಕೊಟ್ಟಿದ್ದಾರೆ. ನಿಮ್ಮ ಒಪ್ಪಿಗೆ ಬಾಕಿ.'

ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಗಿರಾಕಿಯನ್ನು ಕಳಿಸಿ, ಅಂಗಡಿಗೆ ಬೀಗ ಹಾಕಿ ಆಟೋ ಹತ್ತಿದಳು. ದಾರಿಯುದ್ದಕ್ಕೂ ಫೋನನ್ನು ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದುಕೊಂಡಿದ್ದಳು. ಒಪ್ಪಿಗೆಯ ಬಟನ್ ಅಷ್ಟು ದೊಡ್ಡದಿತ್ತು.

ಕೆಂಪರಾಜ ಹೊರಮಾವಿನ ತನ್ನ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುತ್ತಿದ್ದ. ಗಲ್ಲಾದಲ್ಲಿ ಹೆಂಡತಿ ಹಂಸ ಕೂತಿದ್ದಳು.

"ಎಲ್ಲಾನೂ ಎತ್ಕೊಂಡು ಹೋಗ್ಬಿಡೋಣ ಅಂತಾನಾ?" ಧನಲಕ್ಷ್ಮಿ ಫೋನನ್ನು ಅವನ ಮುಖಕ್ಕೆ ಹಿಡಿದಳು.

ಓದಿದವನ ಮುಖ ಬಿಳುಚಿತು. "ಇದು ನಾನ್ ಮಾಡಿಲ್ಲಕ್ಕ. ಅಪ್ಪನಾಣೆ."

"ಮತ್ತೆ ನಿನ್ ಹೆಸ್ರು ಹೆಂಗ್ ಬಂತು?"

ಅವನು ಬಣ್ಣದ ಡಬ್ಬದ ಮೇಲೆ ಕುಸಿದು ಕೂತ. "ಆ ಲಿಂಕಲ್ಲಿ ನನ್ ಪದಗಳ್ನೆಲ್ಲ ಹಾಕ್ಬಿಟ್ಟೆ. ಕಂಪ್ನಿಯೋರೇ ಕಳ್ಸಿದ್ದು ಅನ್ಕೊಂಡೆ." ಆಮೇಲೆ ತಲೆಯೆತ್ತಿ ಕೇಳಿದ, "ನೀನೂ ಹಾಕ್ದಾ?"

"ಇಲ್ಲ."

"ಯಾಕೆ?"

"ನಿನ್ ಮೇಲೆ ನಂಬ್ಕೆ ಇರ್ಲಿಲ್ಲ ಕಣೋ."

ಆಗ ಅವಳ ಫೋನು ರಿಂಗಾಯಿತು, ಗೊತ್ತಿಲ್ಲದ ನಂಬರು. "ಮೇಡಂ, ವಾಲೆಟ್ ಕಸ್ಟಮರ್ ಕೇರಿಂದ. ನಿಮ್ದೊಂದೇ ವೆರಿಫಿಕೇಶನ್ ಬಾಕಿ, ಓಕೆ ಒತ್ಬಿಡಿ, ಇಲ್ಲಾಂದ್ರೆ…" ಅವಳು ಕಟ್ ಮಾಡಿದಳು. ತನ್ನ ನಂಬರನ್ನೂ ತಮ್ಮನೇ ಆ ಪುಟದಲ್ಲಿ ಬರೆದಿದ್ದನೆಂದು ಆಮೇಲೆ ತಿಳಿಯಿತು.

ಮೊದಲು ಕಳ್ಳನ ಕೋರಿಕೆಯನ್ನು 'ತಿರಸ್ಕರಿಸಿ' ಎಂದು ಒತ್ತಿದಳು. ಆದರೆ ಕೆಂಪರಾಜನ ಪದಗಳು ಕಳ್ಳನ ಬಳಿ ಇರುವವರೆಗೆ ಹಳೆಯ ವಾಲೆಟ್‌ನಲ್ಲಿ ದುಡ್ಡು ಬಿಡುವಂತಿರಲಿಲ್ಲ. ಅವನ ಫೋನನ್ನೂ ನಂಬುವಂತಿರಲಿಲ್ಲ, ಆರಿಸಿಟ್ಟರು. ಕಂಪನಿಯ ವೆಬ್‌ಸೈಟಿನಲ್ಲಿ ಹೆಸರು ನೋಡಿಕೊಂಡು ಪ್ಲೇ ಸ್ಟೋರಿನಿಂದ ಅಸಲಿ ಆ್ಯಪನ್ನು ಹಂಸಳ ಫೋನಿಗೆ ಇಳಿಸಿದರು, ಧನಲಕ್ಷ್ಮಿಯದನ್ನು ಅಪ್‌ಡೇಟ್ ಮಾಡಿದರು. ಹಳೆಯ ವಾಲೆಟ್ ತೆರೆಯಲು ಕೆಂಪರಾಜ ತನ್ನ ಹಳೆಯ ಪದಗಳನ್ನು ಹಂಸಳ ಫೋನಿನಲ್ಲಿ ಹಾಕಿದ. ಆಮೇಲೆ ಇಬ್ಬರಿಗೂ ಹೊಸ ಪದಗಳು, ಹೊಸ ವಾಲೆಟ್.

ಹೊಸ ವಿಳಾಸವನ್ನು ಇಬ್ಬರೂ ಗಟ್ಟಿಯಾಗಿ ಓದಿಕೊಂಡರು.

"ಒಂಬತ್ತು, ಎಫ್, ಎರಡು, ಸಿ…"

"ತಡಿ, ಸಿ ಆದ್ಮೇಲೆ? ಇನ್ನೊಂದ್ಸಲ ಓದಕ್ಕ."

ಓದಿದಳು. ಮೊದಲು ಸ್ವಲ್ಪವೇ ಕಳಿಸಿದರು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಪೇಂಟ್ ಕೇಳಿಕೊಂಡು ಬಂದವನನ್ನು ಹಂಸ ಕೈಸನ್ನೆಯಲ್ಲೇ ನಿಲ್ಲಿಸಿದಳು. ದುಡ್ಡು ತಲುಪಿತು. ಉಳಿದದ್ದನ್ನೂ ಕಳಿಸಿದರು, ಅವನು ಒತ್ತಿದ, ಅವಳು ಒತ್ತಿದಳು. ಮತ್ತೆ ಚಕ್ರ. ಕೊನೆಗೆ ಹಳೆಯ ವಾಲೆಟ್ ಬರಿದಾಯಿತು, ಹೊಸದು ತುಂಬಿತು.

ಕೆಂಪರಾಜ ಅಂಗಿತೋಳಿನಿಂದ ಮುಖ ಒರೆಸಿಕೊಂಡ. "ಇಬ್ರ ಪದಗಳ್ನೂ ನೀನೇ ಇಟ್ಕೊಂಬಿಡಕ್ಕ. ನನಗೆ ಬೇಡ."

"ಸುಮ್ನಿರೋ. ನಿನ್ದು ನಿನ್ ಹತ್ರಾನೇ ಇರ್ಲಿ," ಎಂದಳು ಧನಲಕ್ಷ್ಮಿ. "ಇನ್ಮೇಲೆ ಏನೇ ಬಂದ್ರೂ ಮೆಸೇಜ್ ಹಾಕ್ಬೇಡ. ಫೋನ್ ಮಾಡು, ನಾನ್ ಎತ್ತೀನಿ."

ಅವಳು ಆಟೋ ಹುಡುಕಲು ರಸ್ತೆಗಿಳಿದಾಗ ಅವನು ಹಿಂದಿನಿಂದ ಸ್ಕೂಟರ್ ತಂದು ನಿಲ್ಲಿಸಿದ. "ಮೆಟ್ರೋ ತನಕ ಬಿಡ್ತೀನಿ, ಹತ್ತು."

ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತಳು.