ಒತಾಕಿಯ ಅಂಗಡಿ ಕೆಡವಿದ ದಿನ

ನಮ್ಮ ಎದೊ ಪಟ್ಟಣದಲ್ಲಿ ಬೆಂಕಿ ಆರಿಸುವ ಗಂಡಸರಷ್ಟು ಜಂಬದವರು ಇನ್ನಾರೂ ಇಲ್ಲ. ಅಂಥವರಿಬ್ಬರು ನನ್ನ ಹಿಂದೆ ಬಿದ್ದಿದ್ದರು. ಸೇತುವೆಯಾಚೆಯ ದಳದ ತೊರಾಜೊ, ಈಚೆಯ ದಳದ ಉಮೆಕಿಚಿ. ಇಬ್ಬರೂ ತಮ್ಮ ತಮ್ಮ ದಳದ ಮತೊಯಿ ಹೊರುವವರು. ಆ ಎತ್ತರದ ಧ್ವಜ ಯಾವ ಸೂರಿನ ಮೇಲೆ ನಿಂತಿತೋ, ಬೆಂಕಿ ಅಲ್ಲಿಂದ ಮುಂದೆ ಹೋಗಕೂಡದು. ಹೊತ್ತವನು ಬೆಂಕಿ ಆರುವ ಮೊದಲೇ ನೆಲಕ್ಕಿಳಿದರೆ ದಳದ ಮಾನ ಮೂರು ಕಾಸಿಗೆ ಹೋಗುತ್ತಿತ್ತು.

ಅಪ್ಪ ಬಿಟ್ಟುಹೋದ ಶ್ಯಾವಿಗೆ ಅಂಗಡಿ ಬಿಟ್ಟರೆ ನನಗೆ ಬೇರೆ ಗತಿಯಿರಲಿಲ್ಲ. ಇಬ್ಬರೂ ದಿನಾ ಅಲ್ಲಿಗೇ ಬಂದು ಕೂರುತ್ತಿದ್ದರು.

"ಒತಾಕಿ, ಇವನ ಬಟ್ಟಲಿಗೆ ಜಾಸ್ತಿ ಹಾಕು. ಬೆಂಕಿ ಹತ್ರ ಬರೋಕೆ ಇವನಿಗೆ ತ್ರಾಣ ಸಾಲ್ದು," ಎನ್ನುತ್ತಿದ್ದ ತೊರಾಜೊ.

"ಹಾಕು ಹಾಕು. ಇವನು ಸೂರು ಹತ್ತಿ ಕುಣೀತಿದ್ರೆ ಕೆಲಸ ಮಾಡೋನು ನಾನೇ ಅಲ್ವ," ಎನ್ನುತ್ತಿದ್ದ ಉಮೆಕಿಚಿ.

"ಇಬ್ರೂ ಬಾಯ್ಮುಚ್ಕೊಂಡು ತಿನ್ನಿ," ಎಂದು ನಾನು ಗದರುತ್ತಿದ್ದೆ. ಯಾರನ್ನು ಒಪ್ಪುವುದೆಂದು ನನಗೇ ಗೊತ್ತಿರಲಿಲ್ಲ.

ಒಂದು ಚಳಿಗಾಲದ ಮಧ್ಯಾಹ್ನ ಮೇಲಿನ ಬೀದಿಯ ಎಣ್ಣೆ ಅಂಗಡಿಗೆ ಬೆಂಕಿ ಬಿತ್ತು. ಬಡಗಣ ಗಾಳಿ ಅದನ್ನು ನಮ್ಮ ಕಡೆಗೇ ಅಟ್ಟಿಕೊಂಡು ಬಂತು. ಮೊದಲು ಬಂದವನು ತೊರಾಜೊ. ನೇರವಾಗಿ ನನ್ನ ಸೂರು ಹತ್ತಿ ಧ್ವಜ ಊರಿದ.

"ಒತಾಕಿ, ನಿನ್ನ ಅಂಗಡಿ ಸುಡೋಕೆ ನಾನು ಬಿಡಲ್ಲ," ಎಂದ. ಸುಳ್ಳೇಕೆ ಹೇಳಲಿ, ನನ್ನ ಎದೆ ಉಬ್ಬಿತು.

ಅಷ್ಟರಲ್ಲಿ ಉಮೆಕಿಚಿ ತನ್ನ ದಳದೊಂದಿಗೆ ಬಂದ. ಗಾಳಿ ನೋಡಿದ, ನನ್ನ ಸೂರು ನೋಡಿದ, ಅವನ ಮುಖ ಸಪ್ಪಗಾಯಿತು.

"ತೊರಾ, ಬೆಂಕಿ ಇಲ್ಲಿ ನಿಲ್ಲಲ್ಲ. ಈ ಅಂಗಡಿ ಕೆಡವಿ ಜಾಗ ಬಯಲು ಮಾಡಿದ್ರೇನೇ ಹಿಂದಿನ ಸಾಲುಮನೆ ಉಳಿಯೋದು. ಇಳಿ."

"ಅವಳ ಅನ್ನಕ್ಕೆ ಕಲ್ಲು ಹಾಕ್ತೀಯಾ? ಗಂಡಸಾ ನೀನು? ನಾನು ಇಳಿಯಲ್ಲ."

ಸಾಲುಮನೆಯಿಂದ ಹೆಂಗಸರು ಮಕ್ಕಳನ್ನೂ ಹಾಸಿಗೆ ಹಿಡಿದ ಮುದುಕರನ್ನೂ ಹೊತ್ತು ತರುತ್ತಿದ್ದರು. ನಾನು ಉಮೆಕಿಚಿಯ ದಳದವನೊಬ್ಬನ ಕೈಯಿಂದ ಮನೆ ಕೆಡವುವ ಕೊಕ್ಕೆ ಕಸಿದು ನನ್ನ ಬಾಗಿಲ ಕಂಬಕ್ಕೆ ಬೀಸಿದೆ.

"ಅಂಗಡಿ ನಂದು. ಕೆಡವಿ," ಎಂದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಆದರೂ ತೊರಾಜೊ ಇಳಿಯುವಂತಿರಲಿಲ್ಲ. ಆಗ ಉಮೆಕಿಚಿ ತನ್ನ ಮತೊಯಿಯನ್ನು ನೆಲದ ಮೇಲೆ ಮಲಗಿಸಿದ. ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಸೂರಿನಿಂದ ಸಾಲುಮನೆಯ ಸೂರಿಗೆ ಅಡ್ಡಲಾಗಿ ಏಣಿ ಹಾಕಿಸಿದ.

"ಈಚೆ ದಡದಲ್ಲಿ ಆ ಸೂರಿನ ಮೇಲೆ ಧ್ವಜ ಊರೋ ಹಕ್ಕು ನಂದು. ಇವತ್ತು ನೀನು ನಿಲ್ಲು. ಇಳೀಬೇಡ, ಹಾಗೇ ದಾಟು."

ತೊರಾಜೊ ಅವನನ್ನೇ ದುರುಗುಟ್ಟಿ ನೋಡಿದ. ಆಮೇಲೆ ಧ್ವಜವನ್ನು ಹೆಗಲಿಗೇರಿಸಿ ಏಣಿಯ ಮೇಲೆ ನಡೆದುಹೋದ. ಉಮೆಕಿಚಿ ಮತ್ತು ಅವನ ದಳದವರು ನನ್ನ ಅಂಗಡಿಯನ್ನು ನೆಲಸಮ ಮಾಡಿ ಮರವನ್ನೆಲ್ಲ ಎಳೆದು ಹಾಕಿದರು. ಬೆಂಕಿ ಬಂತು, ಸುಡಲು ಏನೂ ಸಿಗದೆ ಅಲ್ಲೇ ಕುಗ್ಗಿತು. ಮೈಮೇಲೆ ಕಿಡಿ ಸುರಿದರೂ ತೊರಾಜೊ ಕದಲಲಿಲ್ಲ. ಬೆಂಕಿ ತಡೆದ ಹೆಸರು ಅವನ ದಳಕ್ಕೇ ಹೋಯಿತು. ಉಮೆಕಿಚಿಯ ದಳದವರು ಅವನ ಮುಖ ನೋಡದೆ ಹೊರಟುಹೋದರು.

"ಯಾಕೆ ಬಿಟ್ಕೊಟ್ಟೆ?" ಎಂದು ಉಮೆಕಿಚಿಯನ್ನು ಕೇಳಿದೆ.

"ನಿನ್ನದೆಲ್ಲ ನಾನೇ ಕೆಡವಿದೆ. ನನ್ನದೂ ಏನಾದ್ರೂ ಹೋಗ್ಬೇಕಲ್ವ."

ನನ್ನ ಮನಸ್ಸು ಅವನಲ್ಲೇ ನಿಂತಿತು. "ಹಾಗಾದ್ರೆ ಮತ್ತೆ ಕಟ್ಟು. ಕಟ್ಟಿ ನೀನೂ ಇಲ್ಲೇ ಇರು," ಎಂದೆ.

ಬೆಂಕಿಯಿಲ್ಲದ ದಿನ ಇವರೆಲ್ಲ ಮನೆ ಕಟ್ಟುವವರೇ. ಕಂಬ ನಿಲ್ಲಿಸುವ ದಿನ ತೊರಾಜೊ ಕರೆಯದೆಯೇ ತೊಲೆ ಹೊತ್ತು ಬಂದ. ನಮ್ಮಿಬ್ಬರ ಮುಖ ನೋಡಿದ, ಅವನಿಗೆ ಅರ್ಥವಾಯಿತು. ಸಂಜೆಯವರೆಗೆ ದುಡಿದ. ಬಯಲಲ್ಲೇ ಒಲೆ ಹೂಡಿ ನಾನು ಎಲ್ಲರಿಗೂ ಬಡಿಸುವಾಗ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಇವನಿಗೇ ಜಾಸ್ತಿ ಹಾಕು, ಒತಾಕಿ. ಇವನ ಜಾಗದಲ್ಲಿ ನಾನಿದ್ದಿದ್ರೆ ಆ ಸೂರು ಬಿಟ್ಕೊಡ್ತಿರಲಿಲ್ಲ."