ತುದಿ ಮುಚ್ಚದ ಕಾಲುಚೀಲ

ಟೀಚರಮ್ಮನಿಗೆ ಶಾಲೆಯಿಂದ ನಿವೃತ್ತಿ ಸಿಕ್ಕಿತ್ತು, ಟೀಚರಿಕೆಯಿಂದ ಸಿಕ್ಕಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಣಿಗೆ ಕಲಿಸಿ ಕಲಿಸಿ ಅವರ ಬೆರಳಿಗೆ ಒಂದು ಚಟ ಅಂಟಿಕೊಂಡಿತ್ತು. ತಪ್ಪು ಕುಣಿಕೆಯೊಂದು ಕಂಡರೆ ಸಾಕು, ಅದು ಯಾರ ಕೈಯಲ್ಲಿರಲಿ, ಯಾರ ಮೈಮೇಲಿರಲಿ, ಎಳೆದು ಬಿಚ್ಚಿಬಿಡಬೇಕು. "ಬಿಚ್ಚಿದ್ರೇನೇ ಕಲಿಯೋದು" ಎನ್ನುವುದು ಅವರ ಮಂತ್ರ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವನ ಸ್ವೆಟರಿನ ಕುತ್ತಿಗೆಗೆ ಬೆರಳು ಹಾಕಿ, ಅವನು ಗಾಬರಿಯಿಂದ ತಿರುಗಿದಾಗ, ಕ್ಷಮೆ ಕೇಳುವುದು ಬಿಟ್ಟು ಇದನ್ನು ಹೆಣೆದವರು ಯಾರೆಂದು ಗದರಿಸಿದ್ದರು. ಶಾಲೆಯ ಹುಡುಗಿಯರು ಅವರಿಗೆ ಬಿಚ್ಚಮ್ಮ ಎಂದು ಹೆಸರಿಟ್ಟಿದ್ದರು. ಆ ಹೆಸರು ಟೀಚರಮ್ಮನ ಕಿವಿಗೂ ಬಿದ್ದಿತ್ತು. ಅವರು ಅದನ್ನು ಬಿರುದು ಎಂದುಕೊಂಡಿದ್ದರು.

ಇಂಥವರ ಮನೆಗೆ ಸೊಸೆಯಾಗಿ ಬಂದವಳಿಗೆ ಹೆಣಿಗೆಯ ಕಡ್ಡಿ ಹಿಡಿಯಲೂ ಬರುತ್ತಿರಲಿಲ್ಲ. ಬಸುರಿಯಾದಾಗ ಆಸೆಪಟ್ಟು, ಯಾರಿಗೂ ಹೇಳದೆ, ಕೋಣೆಯ ಬಾಗಿಲು ಹಾಕಿಕೊಂಡು ಒಂದು ಜೊತೆ ಪುಟ್ಟ ಕಾಲುಚೀಲ ಹೆಣೆದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇಲ್ಲಿ ಕುಲಾವಿಯ ಜಾಗದಲ್ಲಿ ಕಾಲುಚೀಲ. ಬಣ್ಣ ಬದಲಾದಲ್ಲೆಲ್ಲ ಒಂದೊಂದು ಗಂಟು, ಹಿಮ್ಮಡಿ ಒಂದು ಮಗ್ಗುಲಿಗೆ ಉಬ್ಬಿಕೊಂಡು ಹಲ್ಲುನೋವಿನ ಕೆನ್ನೆಯ ಹಾಗಿತ್ತು. ಮಾವ ಕೆಲಸದಿಂದ ನಿವೃತ್ತರಾದ ದಿನ ನೆಂಟರೆಲ್ಲ ಸೇರಿದ್ದಾಗ ನಾಚುತ್ತ ತಂದು ಅತ್ತೆಯ ಕೈಗಿಟ್ಟಳು.

ಟೀಚರಮ್ಮ ಕನ್ನಡಕ ಏರಿಸಿದರು, ಒಳಹೊರಗು ತಿರುಗಿಸಿ ನೋಡಿದರು. ಗಂಟು ಎನ್ನುವುದು ಹೆಣಿಗೆಯ ಶತ್ರು ಎಂದು ನೆಂಟರಿಗೆಲ್ಲ ಕೇಳುವಂತೆ ಪಾಠ ಶುರುಮಾಡಿದರು. ಪಾಠ ಮುಗಿಯುವಷ್ಟರಲ್ಲಿ ಒಂದು ಕಾಲುಚೀಲ ಬೆರಳ ತುದಿಯಿಂದ ಹಿಮ್ಮಡಿಯವರೆಗೆ ಬಿಚ್ಚಿ ಅವರ ಮಡಿಲಲ್ಲಿ ಗುಡ್ಡೆ ಬಿದ್ದಿತ್ತು. ನೆಂಟರು ನಕ್ಕರು. ಸೊಸೆ ನೂಲನ್ನು ಬಾಚಿಕೊಂಡು ಒಳಗೆ ಹೋದಳು. ತಪ್ಪು ತಿದ್ದಿಕೊಂಡು ಮತ್ತೆ ಹೆಣೆಯಲು ಹೋದಳೆಂದು ತಿಳಿದು ಟೀಚರಮ್ಮ ಮನಸ್ಸಿನಲ್ಲೇ ಅವಳಿಗೆ ಒಳ್ಳೆಯ ಅಂಕ ಕೊಟ್ಟರು.

ಮಗು ಹುಟ್ಟಿ, ತವರಿನಲ್ಲಿ ಬಾಣಂತನ ಮುಗಿದು, ಕತ್ತು ನಿಲ್ಲುವ ಹೊತ್ತಿಗೆ ಮಗ ಸೊಸೆ ನಾಲ್ಕು ಬೀದಿ ಆಚೆ ಬೇರೆ ಮನೆ ಮಾಡಿದ್ದರು. ಜಗಳವಿಲ್ಲ, ಎದುರುಮಾತಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಮೊಮ್ಮಗಳನ್ನು ಕರೆದುಕೊಂಡು ಬಾ ಎಂದಾಗಲೆಲ್ಲ ಮಗುವಿಗೆ ನೆಗಡಿ, ಇಲ್ಲವೇ ನಿದ್ದೆ, ಇಲ್ಲವೇ ಹಲ್ಲು. ಇಷ್ಟು ಹಲ್ಲು ಹುಟ್ಟಿದ ಮಗು ಭೂಮಿಯ ಮೇಲೆ ಇನ್ನೊಂದಿರಲಾರದು. ತಾವಾಗಿ ಹೋಗಲು ಟೀಚರಮ್ಮನ ಮರ್ಯಾದೆ ಬಿಡಬೇಕಲ್ಲ. ಕರೆಯದೆ ಹೋಗಲು ನಾನೇನು ಹಾಲು ಹಾಕುವವಳೇ ಎಂದು ಗೋಡೆಗೆ ಹೇಳುತ್ತಿದ್ದರು.

ಯಜಮಾನರಿಗೆ ಅಂಥ ಮರ್ಯಾದೆಯ ಕಾಟವಿರಲಿಲ್ಲ. ದಿನಾ ಸಂಜೆ ವಾಕಿಂಗ್ ಎಂದು ಹೊರಡುತ್ತಿದ್ದರು. ಆ ವಾಕಿಂಗ್ ಎಲ್ಲಿಗೆಂದು ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅಂಗಿಯ ತುಂಬ ಬಿಸ್ಕತ್ತಿನ ಪುಡಿ ಮೆತ್ತಿಸಿಕೊಂಡು ವಾಪಸು ಬರುತ್ತಿದ್ದರು. ಟೀಚರಮ್ಮ ಬೈಯುತ್ತ ಅದನ್ನು ಕೊಡವುತ್ತಿದ್ದರು. ಒಂದು ಅಂಗಿ ಕೊಡವಲು ಅಷ್ಟು ಹೊತ್ತು ಯಾರಿಗೂ ಬೇಡ. ಪುಡಿಯಲ್ಲಿ ಒಂದು ಪುಟ್ಟ ಬೆರಳಿನ ಗುರುತು ಕಂಡ ದಿನ ಅವರಿಗೆ ಊಟ ಸೇರಲಿಲ್ಲ. ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಳ್ಳಬೇಕೆಂಬ ಆಸೆ ಹೊಟ್ಟೆಯಲ್ಲಿ ಕೆಂಡದ ಹಾಗೆ ಇತ್ತು. ಅದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಒಂದು ಮಧ್ಯಾಹ್ನ ಅವರ ಮನೆಯ ಹೆಣಿಗೆ ಕೂಟದಲ್ಲಿ ಮಾತಿನ ಬೆಂಕಿ ಬಿತ್ತು. ಕೂಟವೆಂದರೆ ಬೀದಿಯ ಐದಾರು ಹೆಂಗಸರು, ಟೀಚರಮ್ಮನಿಂದ ಬಿಚ್ಚಿಸಿಕೊಳ್ಳಲು ಬಂದು ಕೂರುವವರು. ಔಷಧಿ ಅಂಗಡಿಯಾಕೆ ತನ್ನ ಮೊಮ್ಮಗನಿಗೆ ಹೆಣೆದ ಟೋಪಿ ಕೈಯಲ್ಲಿ ಹಿಡಿದು, ಸಕ್ಕರೆಯಂಥ ದನಿಯಲ್ಲಿ ಕೇಳಿದಳು:

"ಅಲ್ಲ ಟೀಚರಮ್ಮ, ಊರಿಗೆಲ್ಲ ಕಲಿಸ್ತೀರ, ನಿಮ್ಮ ಮೊಮ್ಮಗಳ ಮೈಮೇಲೆ ನೀವು ಹೆಣೆದದ್ದು ಒಂದೂ ನೋಡಿಲ್ಲವಲ್ಲ?"

ಉಳಿದವರ ಕಡ್ಡಿಗಳು ನಿಂತವು. ಟೀಚರಮ್ಮ ತಡಮಾಡದೆ, ಕಾಲುಚೀಲ ಹೆಣೆಯುತ್ತಿದ್ದೇನೆ, ಏಳು ಬಣ್ಣದ್ದು, ಮುಗಿದ ಕೂಡಲೇ ನಾನೇ ಹೋಗಿ ಹಾಕಿ ಬರುತ್ತೇನೆ ಎಂದುಬಿಟ್ಟರು. ಆಡಿದ ಮಾತು, ಒಡೆದ ಮುತ್ತು. ಅಂದು ಸಂಜೆಯೇ ಉಣ್ಣೆ ತಂದರು.

ತಂದ ಮೇಲೆ ಗೊತ್ತಾಯಿತು, ಕಾಲಿನ ಅಳತೆ ಇಲ್ಲ. ಅವರ ಕಣ್ಣಲ್ಲಿದ್ದದ್ದು ಆಸ್ಪತ್ರೆಯಲ್ಲಿ ಕಂಡ ಹೆಬ್ಬೆರಳಿನಷ್ಟು ಕಾಲು. ಅದು ಈಗ ಓಡಾಡುತ್ತಿದೆ ಎಂದು ಬಿಸ್ಕತ್ತಿನ ಪುಡಿ ಹೇಳುತ್ತಿತ್ತು. ಸೊಸೆಗೆ ಒಂದು ಫೋನ್ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕಣ್ಣಳತೆಯಲ್ಲೇ ಇಡೀ ತರಗತಿಗೆ ಸ್ವೆಟರ್ ಹೆಣೆಸಿದ ಟೀಚರಮ್ಮ, ಕಡ್ಡಿ ಹಿಡಿಯಲು ಬಾರದವಳ ಹತ್ತಿರ ಅಳತೆ ಕೇಳುವುದುಂಟೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಭಾನುವಾರ ಒಬ್ಬನೇ ಬಂದ ಮಗನನ್ನು ಸುಮ್ಮನೆ ಮಾತಿಗೆ ಕೇಳಿದಂತೆ ಕೇಳಿದರು. ಅವನು ಎರಡು ಅಂಗೈ ಎತ್ತಿ "ಇಷ್ಟಿದೆ" ಎಂದ. ಸ್ವಲ್ಪ ಯೋಚಿಸಿ ಅಂಗೈಗಳನ್ನು ಇನ್ನಷ್ಟು ದೂರ ಒಯ್ದು "ಇಲ್ಲ, ಇಷ್ಟು" ಎಂದ. ಆ ಲೆಕ್ಕದಲ್ಲಿ ಮಗು ಅಪ್ಪನ ಬೂಟು ಹಾಕಿಕೊಳ್ಳಬಹುದಿತ್ತು.

ಚಪ್ಪಲಿ ಅಂಗಡಿಗೂ ಹೋದರು. ಎರಡೂವರೆ ವರ್ಷದ ಮಗುವಿನ ಕಾಲಿನ ಅಳತೆ ಎಷ್ಟಿರುತ್ತದೆ ಎಂದು ಕೇಳಿದರು. ಅಂಗಡಿಯವನು ಕಾಲು ಎಲ್ಲಿ ಎಂದ. ಕಾಲು ಮನೆಯಲ್ಲಿದೆ ಎಂದರು. ಕಾಲು ಕರೆದುಕೊಂಡು ಬನ್ನಿ ಎಂದು ಅವನು ಮುಂದಿನ ಗಿರಾಕಿಯತ್ತ ತಿರುಗಿದ.

ಕೊನೆಗೆ ಟೀಚರಮ್ಮನ ಬುದ್ಧಿ ಒಂದು ದಾರಿ ಕಂಡುಕೊಂಡಿತು. ಕಾಲುಚೀಲವನ್ನು ಮೇಲಿನಿಂದ ಹೆಣೆದುಕೊಂಡು ಬಂದು, ಹಿಮ್ಮಡಿ ತಿರುಗಿಸಿ, ಪಾದವನ್ನೂ ಹೆಣೆದು, ಬೆರಳ ತುದಿಯನ್ನು ಮಾತ್ರ ಮುಚ್ಚದೆ ಬಿಡುವುದು. ಕುಣಿಕೆಗಳು ಕಡ್ಡಿಗಳ ಮೇಲೇ ಇರಲಿ. ಮಗುವಿನ ಕಾಲಿಗೆ ತೊಡಿಸಿ, ಅಲ್ಲೇ ಅಳತೆ ನೋಡಿ, ಅಲ್ಲೇ ಮುಚ್ಚುವುದು. ಯಾರನ್ನೂ ಏನೂ ಕೇಳಬೇಕಾಗಿಲ್ಲ. ತುದಿಯನ್ನು ಕಾಲಿನ ಮೇಲೇ ಮುಚ್ಚುವುದು ಹಳೆಯ ಕಾಲದ ಉತ್ತಮ ಪದ್ಧತಿ, ಈಗಿನವರಿಗೆ ತಾಳ್ಮೆಯಿಲ್ಲ ಎಂದು ಕೂಟದಲ್ಲಿ ಪಾಠವನ್ನೂ ಮಾಡಿದರು. ಮರುವಾರ ನೋಡಿದರೆ ಔಷಧಿ ಅಂಗಡಿಯಾಕೆಯೂ ಸೇರಿ ಎಲ್ಲರ ಕೈಯಲ್ಲೂ ಬಾಯಿ ತೆರೆದ ಕಾಲುಚೀಲಗಳೇ.

ಸುಳ್ಳು ಹೇಳಬಾರದು, ಕಾಲುಚೀಲ ಮಾತ್ರ ಕಣ್ಣಿಗೆ ಹಬ್ಬವಾಗಿತ್ತು. ಕೆಂಪು ಮುಗಿದು ಕಿತ್ತಳೆ ಶುರುವಾದದ್ದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಎಲ್ಲಿಯೂ ಗಂಟಿಲ್ಲ. ಎರಡು ಬಣ್ಣದ ಎಳೆಗಳನ್ನು ಸೀಳಿ, ಒಂದರೊಳಗೊಂದು ಹೊಸೆದು, ಅಂಗೈಯಲ್ಲಿ ಉಜ್ಜಿ ಒಂದೇ ನೂಲು ಮಾಡಿದ್ದರು. ಹಿಮ್ಮಡಿ ಹಸಿರು, ಪಾದ ನೀಲಿ, ಮುಂದೆ ನೇರಳೆ. ಇದನ್ನು ನೋಡಿದರೆ ಸೊಸೆ ತಾನಾಗಿ ಮಗುವನ್ನು ಎತ್ತಿ ಮಡಿಲಿಗೆ ಹಾಕುತ್ತಾಳೆ ಎಂದು ಅವರು ನಂಬಿದ್ದರು.

ಒಂದು ಸಂಜೆ ಅದನ್ನು ಹಿಡಿದು ಮಗನ ಮನೆಗೆ ಹೋದರು. ಬಾಗಿಲು ತೆರೆದ ಮಗನ ಮುಖದಲ್ಲಿ ಅಮ್ಮ ಬಂದ ಸಂತೋಷಕ್ಕಿಂತ ಮುಂದೇನು ಎಂಬ ಹೆದರಿಕೆ ಹೆಚ್ಚಿತ್ತು. ಯಜಮಾನರು ಆಗಲೇ ಒಳಗೆ ಕುರ್ಚಿಯಲ್ಲಿದ್ದರು, ಅಂಗಿಯ ಮೇಲೆ ಬಿಸ್ಕತ್ತು. ಸೊಸೆ ಬನ್ನಿ ಅತ್ತೆ ಎಂದು ಚಹಾ ತರಲು ಹೋದಳು. ಪರದೆಯ ಹಿಂದಿನಿಂದ ಮೊದಲು ಒಂದು ಕಣ್ಣು ಬಂತು, ಆಮೇಲೆ ಪೂರ್ತಿ ಮೊಮ್ಮಗಳು.

ಟೀಚರಮ್ಮ ಮುಖ ನೋಡಬೇಕಿತ್ತು. ನೋಡಿದ್ದು ಕಾಲು. ಕಾಲಲ್ಲಿ ಆಗಲೇ ಹಳದಿ ಬಿಳಿ ಪಟ್ಟೆಯ ಕಾಲುಚೀಲವಿತ್ತು, ಕೈಯಲ್ಲಿ ಹೆಣೆದದ್ದು. ಹತ್ತಿರ ಕರೆದು ಸವರಿ ನೋಡಿದರು. ಮೊಸರಲ್ಲಿ ಕಲ್ಲು ಹುಡುಕುವ ಕೈಗೆ ಇದರಲ್ಲಿ ಒಂದು ಕಲ್ಲೂ ಸಿಗಲಿಲ್ಲ. ಹಿಮ್ಮಡಿ ಅಚ್ಚುಕಟ್ಟು, ಸಾಲು ನೇರ.

"ಯಾರು ಹೆಣೆದಿದ್ದು?" ಎಂದು ಮಗನನ್ನು ಕೇಳಿದರು.

"ಅವಳೇ. ಈಗ ನಾಲ್ಕು ಜನಕ್ಕೆ ಕಲಿಸ್ತಾಳೆ ಕೂಡ," ಎಂದ ಅವನು, ಹೇಳಿ ತಪ್ಪು ಮಾಡಿದೆನೇನೋ ಎಂಬಂತೆ.

ಯಾರ ಹತ್ತಿರ ಕಲಿತಳು ಎಂದು ಟೀಚರಮ್ಮ ಕೇಳಲಿಲ್ಲ. ತಮ್ಮ ಹತ್ತಿರವಲ್ಲ ಎನ್ನುವುದು ಅಂಗೈ ಹುಣ್ಣಿನಷ್ಟು ಸ್ಪಷ್ಟವಾಗಿತ್ತು. ಆದರೂ ಸೋಲೊಪ್ಪುವ ಜೀವವಲ್ಲ. ಮಗುವನ್ನು ಚಾಪೆಯ ಮೇಲೆ ಕೂರಿಸಿ, ಹಳದಿ ಚೀಲವನ್ನು ಕಳಚಿ, ತಮ್ಮ ಏಳು ಬಣ್ಣದ್ದನ್ನು ತೊಡಿಸಿದರು. ಬೆರಳ ಸುತ್ತ ಕಡ್ಡಿಗಳು ಮುಳ್ಳಿನ ಹಾಗೆ ನಿಂತವು. ಚಹಾ ಹಿಡಿದು ಬಂದ ಸೊಸೆ, ಮಗು ಕಡ್ಡಿ ಎಳೀತಾಳೆ, ಕುಣಿಕೆಗಳನ್ನ ಒಂದು ದಾರಕ್ಕೆ ಪೋಣಿಸಿಬಿಡಿ ಅತ್ತೆ ಎಂದಳು. ಟೀಚರಮ್ಮ ನಕ್ಕು, ನನ್ನ ಕುಣಿಕೆ ಹಾಗೆಲ್ಲ ಜಾರುವಂಥದ್ದಲ್ಲ ಎಂದು ಚಹಾದ ಲೋಟಕ್ಕೆ ಕೈಚಾಚಿದರು.

ಮಗು ಒಂದು ಕಡ್ಡಿ ಎಳೆಯಿತು. ಚೆನ್ನಾಗಿದೆ ಎನಿಸಿರಬೇಕು, ಉಳಿದವನ್ನೂ ಎಳೆಯಿತು. ಆಮೇಲೆ ನೂಲಿನ ಉಂಡೆಯನ್ನು ಯಜಮಾನರ ಕುರ್ಚಿಯ ಅಡಿಗೆ ಸಿಕ್ಕಿಸಿ ಅಡುಗೆಮನೆಯತ್ತ ಓಡಿತು. ಓಡಿದಷ್ಟೂ ಕಾಲುಚೀಲ ಕಾಲಿನ ಮೇಲೇ ಬಿಚ್ಚುತ್ತ ಹೋಯಿತು. ನೇರಳೆ ಹೋಗಿ ಬೆರಳು ಕಂಡವು, ನೀಲಿ ಹೋಗಿ ಪಾದ ಕಂಡಿತು. ಮಧ್ಯೆ ಒಂದೇ ಒಂದು ಗಂಟಿದ್ದಿದ್ದರೂ ಎಲ್ಲಾದರೂ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಟೀಚರಮ್ಮನ ಕೈಕೆಲಸದಲ್ಲಿ ಗಂಟೆಲ್ಲಿಂದ ಬರಬೇಕು? ಕುರ್ಚಿಯ ಕಾಲಿಗೆ, ಯಜಮಾನರ ಮೊಣಕಾಲಿಗೆ, ಬಾಗಿಲ ಚಿಲಕಕ್ಕೆ ಬಣ್ಣಬಣ್ಣದ ನೂಲು ಸುತ್ತಿಕೊಂಡಿತು. ಮಗು ಕೇಕೆ ಹಾಕುತ್ತಿತ್ತು. ತಡೆಯಲೆಂದು ಮಗ ಎದ್ದ. ಸೊಸೆ ಅವನ ತೋಳು ಹಿಡಿದು ಕೂರಿಸಿದಳು.

"ಬಿಡಿ," ಎಂದಳು ಮೆತ್ತಗೆ. "ಬಿಚ್ಚಿದ್ರೇನೇ ಅಲ್ವಾ ಕಲಿಯೋದು."

ಯಜಮಾನರು ಚಹಾ ಕುಡಿಯುವುದನ್ನು ನಿಲ್ಲಿಸಿದರು. ಟೀಚರಮ್ಮ ಮೊಮ್ಮಗಳ ಕಾಲನ್ನೇ ನೋಡುತ್ತಿದ್ದರು. ಕಾಲುಚೀಲ ಸರಿಯಾಗಿ ಹಿಮ್ಮಡಿಯವರೆಗೆ ಬಿಚ್ಚಿ ನಿಂತಿತ್ತು. ನೆಂಟರ ನಗು, ಮಡಿಲಲ್ಲಿ ಬಿದ್ದ ನೂಲು, ಅದನ್ನು ಬಾಚಿಕೊಂಡ ಕೈ, ಎಲ್ಲ ಒಟ್ಟಿಗೇ ನೆನಪಾಯಿತು. ಆ ದಿನ ಅವಳು ಒಳಗೆ ಹೋದದ್ದು ಮತ್ತೆ ಹೆಣೆಯಲು ಅಲ್ಲ ಎನ್ನುವುದು ಇಷ್ಟು ವರ್ಷಕ್ಕೆ ತಲೆಗೆ ಹೊಳೆಯಿತು. ಅವರಿಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು.

"ನಂಗೆ ಇವಳ ಕಾಲಿನ ಅಳತೆ ಗೊತ್ತಿರಲಿಲ್ಲ," ಎಂದರು. "ಕೇಳಬೇಕಿತ್ತು, ಕೇಳಲಿಲ್ಲ. ಅಳತೆ ಕೊಡ್ತೀಯೇನಮ್ಮಾ?"

ಸೊಸೆ ಅಳತೆ ಕೊಡಲಿಲ್ಲ. ಮಗುವಿನ ಕಾಲಿನಿಂದ ಉಳಿದ ಅರ್ಧ ಚೀಲವನ್ನು ಬಿಡಿಸಿಕೊಂಡು, ಚಾಪೆಯ ಮೇಲೆ ಅತ್ತೆಯ ಎದುರಿಗೇ ಕೂತಳು. ಜೋತಾಡುತ್ತಿದ್ದ ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಏರಿಸಿದಳು, ಒಂದೂ ತಪ್ಪಲಿಲ್ಲ. ನೂಲು ಹಿಡಿದು ಹೆಣೆಯತೊಡಗಿದಳು. ಓಡಿ ಸುಸ್ತಾದ ಮಗು ಬಂದು, ಖಾಲಿ ಇದ್ದ ಮಡಿಲು ಯಾರದೆಂದು ನೋಡದೆ, ಟೀಚರಮ್ಮನ ತೊಡೆಯ ಮೇಲೆ ಕೂತಿತು. ಕೂದಲಲ್ಲಿ ಬಿಸ್ಕತ್ತಿನ ವಾಸನೆ ಇತ್ತು. ಟೀಚರಮ್ಮ ಉಸಿರು ಬಿಗಿಹಿಡಿದರು, ಅಲುಗಾಡಿದರೆ ಎದ್ದು ಹೋದೀತೆಂದು.

ಒಂದು ಸಾಲು ಆಯಿತು, ಎರಡಾಯಿತು. ಮೂರನೆಯದರಲ್ಲಿ ಸೊಸೆ ಒಂದು ಕುಣಿಕೆಯನ್ನು ಕಡ್ಡಿಯಿಂದ ಜಾರಿಸಿಬಿಟ್ಟಳು. ನಾಲ್ಕು ಜನಕ್ಕೆ ಕಲಿಸುವವಳ ಕೈ ತಾನಾಗಿ ಜಾರುವಂಥದ್ದಲ್ಲ. ಜಾರಿಸಿ, ಕೆಲಸದ ಕಡೆ ನೋಡಲಿಲ್ಲ, ಅತ್ತೆಯ ಕೈಗಳ ಕಡೆ ನೋಡಿದಳು.

ಕುಣಿಕೆ ಕೆಳಗಿನ ಸಾಲಿಗೆ ಇಳಿಯಿತು. ಅದರ ಕೆಳಗಿನದಕ್ಕೂ ಇಳಿಯಿತು. ಟೀಚರಮ್ಮನ ಬೆರಳುಗಳು ಎದ್ದವು. ಅವರು ಎರಡೂ ಕೈಗಳನ್ನು ತಮ್ಮ ತೊಡೆಗಳ ಕೆಳಗೆ ತುರುಕಿಕೊಂಡು, ಮಗುವಿನ ಭಾರದ ಜೊತೆಗೆ ಅವುಗಳ ಮೇಲೆ ಗಟ್ಟಿಯಾಗಿ ಕೂತರು.

"ಚೆನ್ನಾಗಿ ಬರ್ತಿದೆ," ಎಂದರು.

ಇನ್ನೊಬ್ಬರ ಹೆಣಿಗೆಯ ವಿಷಯದಲ್ಲಿ ಅವರು ಜೀವಮಾನದಲ್ಲಿ ಹೇಳಿದ ಮೊದಲ ಸುಳ್ಳು ಅದು. ಸೊಸೆ ನಾಲ್ಕನೆಯ ಸಾಲು ಶುರುಮಾಡಿದಳು. ಅದು ಮುಗಿಯುವ ಹೊತ್ತಿಗೆ ಟೀಚರಮ್ಮನ ಕೈಗಳು ಜೋಮು ಹಿಡಿದಿದ್ದವು. ಅವರು ತೆಗೆಯಲಿಲ್ಲ.