ಕೆಳಗಿನದೇ ನಿಜದ್ದು

ನಿನ್ನೆ ಸಂಜೆಯಿಂದ ನನಗೊಂದು ಸಣ್ಣ ಕಳವಳ. ಅಮ್ಮನಿಗೂ ಹೇಳಿಲ್ಲ. ಹತ್ತು ದಿನದಿಂದ ಡೈರಿಯಲ್ಲಿ ನಾನು ಖುಷಿಪಟ್ಟು ಬರೆದದ್ದೆಲ್ಲ ಸುಳ್ಳಿರಬಹುದು. ಆ ಸುಳ್ಳಿಗೆ ನಾನೇ ಬ್ರಶ್ ಹಿಡಿದು ನಿಂತಿದ್ದೆ.

ಮಾವ ಅಂದರೆ ಅಮ್ಮನ ತಮ್ಮ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾನೆ. ಬಣ್ಣ ಬಳಿಯುವ ಕೆಲಸ, ಅದರಲ್ಲೂ ಚಾವಣಿಯೆಲ್ಲ ಅವನ ಪಾಲಿಗೆ. "ತಲೆ ಎತ್ಕೊಂಡೇ ಬದುಕೋ ಮನುಷ್ಯ ನಾನು" ಅಂತ ಜಂಬ ಬೇರೆ. ಏಣಿ ಇಳಿಸುವಾಗ ಜೊತೆಗಾರನ ಮೊಣಕೈ ಎಡಗಣ್ಣಿಗೆ ಬಡಿಯಿತು. ಕಣ್ಣು ಬದನೆಕಾಯಿಯ ಹಾಗೆ ಊದಿಕೊಂಡಿತು. ಕಣ್ಣುಗುಡ್ಡೆ ಕೂತಿರುವ ಗುಳಿಯ ತಳದ ಮೂಳೆ ಮೊಟ್ಟೆಯ ಸಿಪ್ಪೆಯಷ್ಟು ತೆಳುವಂತೆ. ಅದು ಒಡೆದು, ಕಣ್ಣನ್ನು ತಿರುಗಿಸುವ ಮಾಂಸ ಆ ಬಿರುಕಿನೊಳಗೆ ಸಿಕ್ಕಿಕೊಂಡಿತ್ತು. ಮಾವ ನೇರ ನೋಡಿದರೆ ಎಲ್ಲ ಸರಿ, ಮೇಲೆ ನೋಡಿದರೆ ಒಂದೊಂದೂ ಎರಡೆರಡು.

"ಹತ್ತು ದಿನ ಬಿಟ್ಟು ಬನ್ನಿ" ಅಂದಿದ್ದರು ಡಾಕ್ಟರಮ್ಮ. "ಊತ ಇಳಿದು ತಾನಾಗೇ ಒಂದಾದ್ರೆ ಆಪರೇಷನ್ ಬೇಡ. ಆಗದಿದ್ರೆ ಆ ವಾರವೇ ಮಾಡ್ಬೇಕು. ತಡವಾದ್ರೆ ಸಿಕ್ಕಿದ ಮಾಂಸ ಅಲ್ಲೇ ಅಂಟ್ಕೊಂಡುಬಿಡುತ್ತೆ. ಕೆಳರೆಪ್ಪೆ ಒಳಗಿನಿಂದ ಹೋಗ್ತೀವಿ, ಹೊರಗೆ ಗುರುತೂ ಕಾಣಲ್ಲ. ಮಾಂಸ ಮೆಲ್ಲಗೆ ಮೇಲೆತ್ತಿ, ಒಡೆದ ಜಾಗಕ್ಕೆ ಒಂದು ತೆಳು ತಗಡು ಇಡ್ತೀವಿ."

"ಓಹೋ, ಬಿರುಕಿಗೆ ಪಟ್ಟಿ ಹಾಕಿ ಮುಚ್ಚೋದು. ನಮ್ಮ ಕೆಲಸವೇ ಬಿಡಿ" ಅಂದ ಮಾವ. ಆದರೆ ಅಪರೂಪಕ್ಕೆ ದೃಷ್ಟಿಗೇ ತೊಂದರೆಯಾಗುವುದೂ ಉಂಟು ಅಂತ ಅವರು ಹೇಳಿದಾಗ ಅವನ ನಗು ಅಲ್ಲೇ ಆರಿತು. ಆಮೇಲೆ ಅವರು ಪೆನ್ ಟಾರ್ಚ್ ಮೇಲೆತ್ತಿ, "ತುದಿ ಮುಟ್ಟಿ" ಅಂದರು. ಮಾವನ ಬೆರಳು ಒಂದು ಗೇಣು ಮೇಲೆ, ಬರೀ ಗಾಳಿಯನ್ನು ಮುಟ್ಟಿತು.

ಅವತ್ತು ಸಂಜೆಯೇ ಕರೆದ: "ಬಾರೇ ಮೌನಗೌರಿ, ಕಣ್ಣಿಗೆ ವ್ಯಾಯಾಮ ಮಾಡ್ಸು." ನಾನು ಸ್ಟೂಲ್ ಮೇಲೆ ನಿಂತು ಒಂದಿಂಚಿನ ಬ್ರಶ್ಶನ್ನು ಎತ್ತರಕ್ಕೆ ಹಿಡಿಯುವುದು, ಅವನು ತುದಿ ಮುಟ್ಟುವುದು. ಮೊದಲ ದಿನ ಹತ್ತಕ್ಕೆ ಎರಡು. ನಾಲ್ಕನೇ ದಿನ ಐದು. ನಿನ್ನೆ ಹತ್ತಕ್ಕೆ ಹತ್ತು! ಡೈರಿಯಲ್ಲಿ ಅದರ ಸುತ್ತ ಹೂವಿನ ಚಿತ್ರವನ್ನೂ ಬರೆದಿದ್ದೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಮಾವ ಮೇಲಿನ ಹಲಗೆಯ ಸಕ್ಕರೆ ಡಬ್ಬಿಗೆ ಕೈ ಚಾಚಿದ್ದ. ಕೈ ಡಬ್ಬಿಗಿಂತ ಮೇಲೆ, ಏನೂ ಇಲ್ಲದ ಜಾಗದಲ್ಲಿ ತಡಕಾಡುತ್ತಿತ್ತು. "ಕೆಳಗಿಂದು, ಕೆಳಗಿಂದೇ ನಿಜದ್ದು" ಅಂತ ಗೊಣಗಿಕೊಂಡು ಕೈ ಇಳಿಸಿ ಡಬ್ಬಿ ಹಿಡಿದ.

ಕಣ್ಣು ವಾಸಿಯಾಗಿರಲಿಲ್ಲ. ಅವನು ಡಾಕ್ಟರಮ್ಮನ ಪರೀಕ್ಷೆಗೆ ತಯಾರಾಗುತ್ತಿದ್ದ.

ಇವತ್ತು ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಹೇಗೋ ಧೈರ್ಯ ಮಾಡಿ ಕೇಳಿದೆ, "ಮಾವ, ಕೆಳಗಿಂದು ಅಂದ್ರೆ?"

ಅವನು ನನ್ನನ್ನೇ ನೋಡಿದ. "ಕಳ್ಳಿ, ಕದ್ದು ಕೇಳಿಸ್ಕೊಂಡ್ಯಾ? ಡೈರಿಲಿ ಬರೆದ್ಯಾ?"

"ಇಲ್ಲ."

"ಬರೀಬೇಡ. ನಿನ್ನ ಬಾಯಿ ಬಗ್ಗೆ ಚಿಂತೆ ಇಲ್ಲ. ಬಿಟ್ರೆ ಮುತ್ತು ಉದುರುತ್ತಲ್ಲ." ನಕ್ಕ. ಆಮೇಲೆ ಬಣ್ಣ ಕಚ್ಚಿದ ಉಗುರುಗಳನ್ನು ನೋಡಿಕೊಳ್ಳುತ್ತಾ ಮೆತ್ತಗೆ ಹೇಳಿದ, "ಕಣ್ಣಿನ ಹತ್ರ ಕತ್ತರಿ ಅಂದ್ರೆ ನನ್ನ ಎದೆ ನೀರಾಗುತ್ತೆ ಕಣೇ. ಈಗ ಎರಡಾದ್ರೂ ಕಾಣ್ತಿದೆ. ಒಂದೂ ಕಾಣದ ಹಾಗಾದ್ರೆ?"

ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ಗೊತ್ತಿದ್ದದ್ದನ್ನೂ ಹೇಳಲಾಗದೆ ಎದ್ದು ಬಂದವಳು ನಾನು. ಅವತ್ತು ಗೇಟಿನ ಹೊರಗೆ ಕಾದಿದ್ದು, ಒಂದು ಮಾತೂ ಕೇಳದೆ, ಮನೆವರೆಗೂ ಸೈಕಲ್ ತಳ್ಳಿಕೊಂಡು ನನ್ನ ಪಕ್ಕ ನಡೆದವನು ಇದೇ ಮಾವ.

ಒಳಗೆ ಕರೆದರು. ಡಾಕ್ಟರಮ್ಮ ಒಂದು ಕೈಯಿಂದ ಅವನ ಹಣೆ ಹಿಡಿದು ಟಾರ್ಚ್ ಎತ್ತಿದರು. ಮಾವನ ಬೆರಳು ನೇರ ಹೋಗಿ ತುದಿ ಮುಟ್ಟಿತು. ಇನ್ನೊಂದು ಸಲ. ಮತ್ತೊಂದು ಸಲ.

"ಎಷ್ಟು ಕಾಣ್ತಿದೆ?"

"ಒಂದೇ ಡಾಕ್ಟ್ರೇ. ಮುತ್ತಿನಂಥಾ ಒಂದು."

"ಎಡಗಣ್ಣು ಮೇಲೆ ಹೋಗೋದು ಸ್ವಲ್ಪ ಕಮ್ಮಿ ಅನ್ಸುತ್ತೆ" ಅಂತ ಅವರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದರು. "ಒಡಕೇನೂ ದೊಡ್ಡದಲ್ಲ. ಅರ್ಧ ವಿಷಯ ಈ ಫಿಲ್ಮ್ ಹೇಳುತ್ತೆ, ಇನ್ನರ್ಧ ನೀವೇ ಹೇಳ್ಬೇಕು. ನಿಜವಾಗ್ಲೂ ಒಂದೇ ತಾನೆ?"

"ಒಂದೇ. ನಾಳೆಯಿಂದ ಏಣಿ ಹತ್ತಬಹುದಾ?"

"ಒಂದೇ ಕಾಣೋದಾದ್ರೆ ಯಾಕೆ ಹತ್ತಬಾರದು?" ಅವರು ಪೆನ್ನಿನ ಮುಚ್ಚಳ ತೆಗೆದು ಚೀಟಿ ಎಳೆದುಕೊಂಡರು.

ಏಣಿ ಹತ್ತುತ್ತಿರುವ ಮಾವ ನನ್ನ ಕಣ್ಣ ಮುಂದೆ ಬಂದ. ಎರಡಾಗಿ ಕಾಣುವ ಮೇಲಿನ ಮೆಟ್ಟಿಲಲ್ಲಿ ಯಾವುದು ಕೆಳಗಿನದು ಎಂದು ಗೊಣಗುತ್ತಾ, ಕೈ ಗಾಳಿಯಲ್ಲಿ. ಅಲ್ಲಿ ಬ್ರಶ್ ಹಿಡಿದು ನಿಲ್ಲಲು ನಾನಿರುವುದಿಲ್ಲ.

ಮಾವನ ಕೈ ಮಂಡಿಯ ಮೇಲಿತ್ತು. ಅದನ್ನು ಹಿಡಿದುಕೊಂಡೆ. ಅವನು ಬೆಚ್ಚಿ ನನ್ನ ಕಡೆ ತಿರುಗಿದ. ಅವನಿಗೆ ಗೊತ್ತಾಗಿ ಹೋಯಿತು. ಬೇಡ ಅನ್ನುವಂತೆ ತಲೆಯಾಡಿಸಿದ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿದ.

"ಒಂದಲ್ಲ ಡಾಕ್ಟ್ರೇ," ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು, "ಮೇಲೆ ನೋಡಿದ್ರೆ ಮಾವನಿಗೆ ಇನ್ನೂ ಎರಡು ಕಾಣುತ್ತೆ."